ನಾಗವ್ವ ಬೆಳಗಿದ ಲೆನ್ಸು

ಪರೇಲ್, ಮುಂಬಯಿ
೧೮ ಜನವರಿ ೧೯೭೧

ತಂಗಿ ಗಂಗವ್ವಗೆ ಅಣ್ಣ ಶೆಟ್ಟೆಪ್ಪನ ಆಶೀರ್ವಾದ.

ಮೊದಲು ಕ್ಷೇಮ ಬರೆದು ಆಮೇಲೆ ಉಳಿದದ್ದು ಬರೆಯುವುದು ರೂಢಿ. ಈ ಸಲ ಉಳಿದದ್ದನ್ನೇ ಮೊದಲು ಬರೆಯುತ್ತೇನೆ. ನೀನು ಅದಕ್ಕಾಗಿಯೇ ಕಟ್ಟೆಯ ಮೇಲೆ ಟಪಾಲಿನವನ ದಾರಿ ಕಾಯುತ್ತಾ ಕೂತಿರುತ್ತೀ, ನನಗೆ ಗೊತ್ತು.

ನಿನ್ನ ಮಗಳು ನಾಗವ್ವ ಬಂದು ಮುಟ್ಟಿದಳು. ಸ್ಟೇಷನ್ನಿನಿಂದ ನಮ್ಮ ಚಾಳಿಗೆ ನಡೆದು ಬರುವಾಗ ನಡುನಡುವೆ ನಿಂತಳು. ದಣಿದು ನಿಂತದ್ದು ನನಗೆ ತಿಳಿಯಬಾರದೆಂದು ಒಮ್ಮೆ ಬಳೆಯ ಅಂಗಡಿ ನೋಡಿದಳು, ಒಮ್ಮೆ ಮಿಲ್ಲಿನ ಚಿಮಣಿ ನೋಡಿದಳು. "ಮಾಮಾ, ಈ ಹೊಗಿ ಎಲ್ಲಿಗೆ ಹೋಗ್ತೈತಿ?" ಎಂದು ಕೇಳಿದಳು. ಮೂವತ್ತು ವರ್ಷದಿಂದ ಆ ಚಿಮಣಿಯ ಕೆಳಗೇ ಇದ್ದೇನೆ, ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ನಾನೂ ಅವಳ ಜೊತೆ ನಿಂತು ಹೊಗೆ ನೋಡಿದೆ.

ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದೆ. ಎದೆಯೊಳಗೆ ರಕ್ತ ಹೋಗಿ ಬರುವ ಬಾಗಿಲುಗಳಿರುತ್ತವಂತೆ. ಅದರಲ್ಲಿ ಒಂದು ಸರಿಯಾಗಿ ಮುಚ್ಚುವುದಿಲ್ಲ. ಸಣ್ಣವಳಿದ್ದಾಗ ಕೀಲು ಬಾತು ಜ್ವರ ಬಂದಿತ್ತಲ್ಲ, ಅಂದೇ ಹತ್ತಿದ ರೋಗ. ಕೆಟ್ಟ ಬಾಗಿಲು ತೆಗೆದು ಬೇರೆ ಕೂಡಿಸುತ್ತಾರೆ. ಹಾಸಿಗೆ, ಡಾಕ್ಟರು, ಆಪರೇಶನ್ ಎಲ್ಲ ಧರ್ಮಕ್ಕೆ. ಆದರೆ ಬಾಗಿಲು ಹೊರದೇಶದಿಂದ ಬರಬೇಕು, ಅದರ ಬೆಲೆ ಮಾತ್ರ ನಮ್ಮದು. ಎಷ್ಟೆಂದು ಬರೆಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಆಗಬೇಕು ಎಂದಿದ್ದಾರೆ. ನಿನ್ನ ಅಳಿಯ ಚಂದ್ರಾಮನಿಗೂ ಒಂದು ಕಾರ್ಡು ಹಾಕಿದ್ದೇನೆ.

ನೀನು ಮಗ್ಗ ಮಾರುವ ಮಾತು ಎತ್ತಬೇಡ. ಇಂದಿನ ದಿನ ಕುಣಿಮಗ್ಗಕ್ಕೆ ಸೌದೆಯ ಬೆಲೆಯೂ ಬರುವುದಿಲ್ಲ. ನಾನು ನನ್ನ ದೊಡ್ಡ ಕ್ಯಾಮೆರಾದ ಲೆನ್ಸು ಮಾರುತ್ತೇನೆ. ನೀನು ಅದನ್ನು ನೋಡಿದ್ದೀ. ಅಪ್ಪ ಲಿಂಗೈಕ್ಯನಾದಾಗ ಊರಿಗೆ ಹೊತ್ತು ತಂದಿದ್ದೆನಲ್ಲ, ತಂಬಿಗೆಯಷ್ಟು ದಪ್ಪದ ಹಿತ್ತಾಳೆಯ ಕೊಳವೆ, ಎರಡೂ ತುದಿಗೆ ಗಾಜು. ಅಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ನೀವೆಲ್ಲ ಸುತ್ತ ಕೂತಿರಿ. ಆ ಫೋಟೋ ನಿನ್ನ ಮನೆಯ ಗೋಡೆಯ ಮೇಲಿದೆ. ಅಪ್ಪ ಒಬ್ಬನೇ ಸ್ಪಷ್ಟ. ನೀವು ಅಳುತ್ತಾ ಅಲುಗಾಡಿದ್ದಕ್ಕೆ ನಿಮ್ಮ ಮುಖಗಳೆಲ್ಲ ಮಸುಕು. ಇಲ್ಲಿ ಪರೇಲಿನಲ್ಲಿಯೂ ನಮ್ಮ ಕಡೆಯ ಮಿಲ್ ಕೆಲಸಗಾರರು ಸತ್ತರೆ ನನ್ನನ್ನೇ ಕರೆಯುತ್ತಾರೆ. ಊರಲ್ಲಿರುವ ತಾಯಿಗೆ ಕಳಿಸಲು ಹೀಗೆ ಕೂತ ಮಗನ ಫೋಟೋ ಬೇಕಲ್ಲ. ಕೂದಲೆಳೆ ಸಹ ಎಣಿಸುವಂತೆ ತೆಗೆಯುವ ಲೆನ್ಸು ಅದು.

ಚೆಂಬೂರಿನಲ್ಲಿ ವೈದ್ಯನಾಥನ್ ಎಂಬವನ ಸ್ಟುಡಿಯೋ ಇದೆ. ಶಾಲೆಗಳ, ಫ್ಯಾಕ್ಟರಿಗಳ ದೊಡ್ಡ ಗ್ರೂಪ್ ಫೋಟೋ ತೆಗೆಯುತ್ತಾನೆ. ಈ ಲೆನ್ಸಿನ ಮೇಲೆ ಅವನಿಗೆ ಬಹಳ ವರ್ಷದಿಂದ ಆಸೆ. ಅವನು ಹಿಂದೆ ಹೇಳಿದ್ದ ಬೆಲೆ ಬಂದರೆ ನಾಗವ್ವನ ಬಾಗಿಲು ಬಂದ ಹಾಗೆಯೇ.

ಇನ್ನು ಕ್ಷೇಮ. ನಾವು ಕ್ಷೇಮ.

ನಿನ್ನ ಅಣ್ಣ
ಶೆಟ್ಟೆಪ್ಪ


ಗುಳೇದಗುಡ್ಡ
೩೦ ಜನವರಿ ೧೯೭೧

ಅಣ್ಣಗೆ ಗಂಗವ್ವನ ಶರಣು.

ಪತ್ರ ಮುಟ್ಟಿತು. ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ನೀನು ಕಲಿಸಿದ್ದು, ಸೊಟ್ಟಗಿದ್ದರೆ ನಿನ್ನ ತಪ್ಪು.

ಲೆನ್ಸು ಅಂದರೆ ನಿನಗೆ ಅನ್ನ. ಮಾರಬೇಡ ಅನ್ನಲು ನನಗೆ ಬಾಯಿಲ್ಲ, ಮಾರು ಅನ್ನಲೂ ಬಾಯಿಲ್ಲ. ಅಪ್ಪನ ಫೋಟೋದ ಮುಂದೆ ಕೂತು ಎದ್ದೆ.

ಚಂದ್ರಾಮ ಬರೆಯುವುದಿಲ್ಲ, ದಾರಿ ಕಾಯಬೇಡ. ಅವನ ತಾಯಿ ಸಂತೆಯಲ್ಲಿ ಸಿಕ್ಕಿದ್ದಳು. "ಉಸುರು ಗಟ್ಟಿ ಇರೂ ಹೆಣ್ಣ ನೋಡಬೇಕಿತ್ತು" ಎಂದಳು. ಖಣದ ಗಂಟು ಹೊತ್ತು ಮನೆಯ ದಾರಿ ಹಿಡಿದೆ.

ಒಂದು ಮಾತು ಅತ್ತಿಗೆ ನೀಲಾಬಾಯಿಗೆ ಹೇಳು. ನಾಗವ್ವ ಕೂತು ಉಣ್ಣುವವಳಲ್ಲ. ಕೈಗೆ ಕೆಲಸ ಕೊಡದಿದ್ದರೆ ತಾನು ನಿಮಗೆ ಭಾರವಾದೆ ಎಂದು ಒಳಗೊಳಗೇ ಕುಗ್ಗುತ್ತಾಳೆ. ನೀರು ಹೊರುವುದು, ಬಗ್ಗಿ ಕಸ ಹೊಡೆಯುವುದು ಬೇಡ. ಕೂತು ಮಾಡುವ ಕೆಲಸ ಕೊಡಿ. ಅಕ್ಕಿ ಹಸನು ಮಾಡುತ್ತಾಳೆ, ಪಾತ್ರೆ ಬೆಳಗುತ್ತಾಳೆ. ಹಿತ್ತಾಳೆ ತಾಮ್ರಕ್ಕೆ ಅವಳ ಕೈ ತಾಗಿದರೆ ಮುಖ ನೋಡಿಕೊಳ್ಳಬಹುದು. ಮದುವೆಯಲ್ಲಿ ನಮ್ಮ ಹಂಡೆ ನೋಡಿ ಬೀಗರು ಹೊಸದು ತಂದಿದ್ದೀರೇನು ಎಂದು ಕೇಳಿದ್ದರು, ನೆನಪಿದೆಯೇ?

ನಿನ್ನ ತಂಗಿ
ಗಂಗವ್ವ


ಪರೇಲ್
೧೪ ಫೆಬ್ರುವರಿ ೧೯೭೧

ತಂಗಿ ಗಂಗವ್ವಗೆ,

ನಗುತ್ತಾ ಬರೆಯುತ್ತಿದ್ದೇನೆ. ನಿನ್ನೆ ವೈದ್ಯನಾಥನ್ ಬಂದಿದ್ದ. ಲೆನ್ಸನ್ನು ಮಡಿಲಲ್ಲಿಟ್ಟುಕೊಂಡು ಕೂತ ನೋಡು, ಮೊಮ್ಮಗನನ್ನು ಕೂಡಿಸಿಕೊಂಡ ಹಾಗೆ. ಕ್ಯಾಮೆರಾಕ್ಕೆ ಹಾಕಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಹೊರಗೆ ಬರಲೇ ಒಲ್ಲ. ನೀಲಾಬಾಯಿ ಬಾಗಿಲಲ್ಲಿ ನಿಂತು, "ಒಳಗ ನಿದ್ದಿ ಹತ್ತಿತೇನೋ ನೋಡ್ರಿ" ಎಂದಳು. ಕೊನೆಗೆ ಹೊರಗೆ ಬಂದವನೇ, "ಶೆಟ್ಟೆಪ್ಪಾ ಭಾವು, ಇದಕ್ಕೆ ಹಾತ್ ಮತ್ ಲಗಾವ್. ಒರೆಸಬೇಡ, ಊದಬೇಡ. ಹೇಗಿದೆಯೋ ಹಾಗೇ ನನಗೆ ಬೇಕು" ಎಂದ. ಹಳೆಯ ಲೆನ್ಸಿನ ಮೇಲೆ ಧೂಳಿದ್ದರೂ ನಡೆಯುತ್ತದೆ ತಂಗಿ, ಒರೆಸಿದ ಗುರುತಿದ್ದರೆ ನಡೆಯುವುದಿಲ್ಲ. ನಾನೂ ಇಷ್ಟು ವರ್ಷ ಒಂಟೆಕೂದಲ ಬ್ರಷ್ ಬಿಟ್ಟು ಬೇರೆ ಮುಟ್ಟಿಸಿದವನಲ್ಲ. ಶಿವರಾತ್ರಿ ಮುಗಿದ ಮೇಲೆ ಹಣ ತಂದು ಒಯ್ಯುತ್ತಾನೆ.

ನಾಗವ್ವ ಆ ಹೊತ್ತಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಪಕ್ಕದ ಖೋಲಿಯ ಹಜರತಬಿಯ ಜೊತೆ ಆಸ್ಪತ್ರೆಗೆ ಹೋಗಿದ್ದಳು. ಒಳ್ಳೆಯದೇ ಆಯಿತು. ಮಾರುವುದು ತನಗಾಗಿ ಎಂದು ಅವಳಿಗೆ ಹೇಳಿಲ್ಲ. ಗೊತ್ತಾದರೆ ಮರುದಿನವೇ ಗಂಟು ಕಟ್ಟಿಕೊಂಡು ಊರ ದಾರಿ ಹಿಡಿಯುವ ಜಾತಿ ಅವಳು, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಲೆನ್ಸಿನ ಸುದ್ದಿಯನ್ನೇ ಅವಳ ಮುಂದೆ ತೆಗೆಯಬಾರದೆಂದು ನಾನೂ ನೀಲಾಬಾಯಿಯೂ ಮಾತಾಡಿಕೊಂಡಿದ್ದೇವೆ.

ನೀನು ಹೇಳಿದಂತೆ ಅವಳಿಗೆ ಕೆಲಸ ಕೊಟ್ಟಿದ್ದೇವೆ. ನಮ್ಮ ಮನೆಯ ದೀಪದ ಸಮೆ, ಆರತಿ ತಟ್ಟೆ, ನೀಲಾಬಾಯಿಯ ತವರಿನ ಚರಿಗೆ ಎಲ್ಲ ಈಗ ಕಣ್ಣು ಕುಕ್ಕುತ್ತವೆ. ಹಜರತಬಿ ತನ್ನ ತಾಂಬಾಳವನ್ನೂ ತಂದು ಕೊಟ್ಟಳು. ಇಡೀ ಚಾಳಿನಲ್ಲಿ ಹೆಸರಾಗಿದೆ. ಮೊನ್ನೆ ಒಬ್ಬ ಮರಾಠಿ ಹೆಂಗಸು ಬಂದು, "ಫೋಟೋವಾಲೇ ಮಾಮಾ, ತುಮ್ಚೀ ಭಾಚೀ ಕುಠೇ ಆಹೆ?" ಎಂದು ನಾಗವ್ವನನ್ನು ಕೇಳುತ್ತಾ ಕೊಡ ಹಿಡಿದು ನಿಂತಿದ್ದಳು. ನನ್ನ ಸ್ಟುಡಿಯೋಕ್ಕೆ ಇಷ್ಟು ಗಿರಾಕಿ ಯಾವತ್ತೂ ಬಂದಿರಲಿಲ್ಲ.

ಹಗುರವಾದ ಮನಸ್ಸಿನಿಂದ,
ನಿನ್ನ ಅಣ್ಣ ಶೆಟ್ಟೆಪ್ಪ


ಪರೇಲ್
೨೬ ಫೆಬ್ರುವರಿ ೧೯೭೧

ಅವ್ವಗೆ ನಿನ್ನ ಮಗಳು ನಾಗವ್ವ ಮಾಡುವ ಶರಣು.

ನಾನು ಆರಾಮ ಇದ್ದೇನೆ. ಕಾಲಿನ ಬಾವು ಇಳಿದಿದೆ. ನಿನಗೊಂದು ಸುದ್ದಿ ಹೇಳಬೇಕೆಂದೇ ಈ ಪತ್ರ.

ಮಾಮಾ ತನ್ನ ಕ್ಯಾಮೆರಾದ ಲೆನ್ಸು ಮಾರುತ್ತಿದ್ದಾನೆ, ನನ್ನ ಆಪರೇಶನ್ನಿಗೆ. ನಿನಗೆ ಗೊತ್ತಿತ್ತು, ನನಗೆ ಹೇಳಲಿಲ್ಲ ನೀನೂ. ಹಜರತಬಿ ಕಾಕಿ ಆಸ್ಪತ್ರೆಯ ಸಾಲಿನಲ್ಲಿ ಕೂತಾಗ ಹೇಳಿದಳು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಊರಿಗೆ ಬಂದುಬಿಡಲೇ ಎಂದುಕೊಂಡೆ. ಆಮೇಲೆ ಅನಿಸಿತು, ಮಾಮಾ ಇಷ್ಟು ಮಾಡುವಾಗ ನಾನೂ ಏನಾದರೂ ಮಾಡಬೇಕು, ಓಡಿಹೋಗುವುದು ಅಲ್ಲ.

ಶಿವರಾತ್ರಿಯ ದಿನ ಮಾಮಾ, ಅತ್ತಿ ಇಬ್ಬರೂ ಗುಡಿಗೆ ಹೋದರು. ಮೆಟ್ಟಿಲು ಹತ್ತಬಾರದೆಂದು ನನ್ನನ್ನು ಮನೆಯಲ್ಲೇ ಬಿಟ್ಟರು. ನಾನು ಪೆಟ್ಟಿಗೆಯಿಂದ ಲೆನ್ಸು ತೆಗೆದು ನೋಡಿದೆ. ಅವ್ವಾ, ಅದರ ಸ್ಥಿತಿ ನೋಡಬೇಕಿತ್ತು ನೀನು. ಹಿತ್ತಾಳೆ ಅನ್ನುವುದೇ ತಿಳಿಯದಂತೆ ಕಂದು ಹಿಡಿದಿತ್ತು. ಕೊಳ್ಳಲು ಬಂದವನು ಇಂಥದ್ದಕ್ಕೆ ಏನು ಕೊಟ್ಟಾನು? ಸಂತೆಗೆ ಎಮ್ಮೆ ಒಯ್ಯುವಾಗಲೂ ಮೈ ತೊಳೆದು ಒಯ್ಯುತ್ತೇವೆ.

ಹುಣಸೆಹಣ್ಣು ನೆನೆಸಿ ಉಪ್ಪು ಹಾಕಿದೆ. ಅತ್ತಿಯ ಸಿಗಡಿ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಜಾಲಿಸಿಕೊಂಡೆ, ನೀನು ಮಾಡುವ ಹಾಗೆಯೇ. ಎರಡೂ ತುದಿಯ ಗಾಜು ಡಬ್ಬಿಯ ಮುಚ್ಚಳದ ಹಾಗೆ ತಿರುಗಿಸಿದರೆ ಬಿಚ್ಚಿ ಬಂದವು. ಕೊಳವೆಯ ಒಳಗೆ ನೋಡಿದರೆ ಬರೀ ಕರಿ. ನೀರೊಲೆಯ ಹಂಡೆಯ ತಳದ ಹಾಗೆ. ಎಷ್ಟು ವರ್ಷದ ಹೊಲಸೋ. ಅದು ಬಿಡಲೇ ಒಲ್ಲದು, ತೆಂಗಿನ ನಾರು ಹಾಕಿ ತಿಕ್ಕಿದೆ. ನಡುವೆ ಉಸಿರು ಹತ್ತಿದಾಗ ಗೋಡೆಗೆ ಒರಗಿ ಕೂತು ಮತ್ತೆ ತಿಕ್ಕಿದೆ. ಒಳಗೂ ಹೊರಗೂ ಬಂಗಾರ ಆಯಿತು ಅವ್ವಾ. ಗಾಜಿಗೆ ಮಾತ್ರ ಸಿಗಡಿಯ ಬೂದಿ ಒರಟಾದೀತು ಎಂದು ದೇವರ ಮುಂದಿನ ವಿಭೂತಿ ಹಚ್ಚಿ, ಒಣ ಬಟ್ಟೆಯಿಂದ ಚೆನ್ನಾಗಿ ಉಜ್ಜಿದೆ. ಶಿವರಾತ್ರಿಯ ದಿನ, ಒಳ್ಳೆಯದೇ ಆಗುತ್ತದೆ.

ಮಾಮಾ ಬಂದು ನೋಡಿದವನು ಬಾಗಿಲಲ್ಲೇ ಕೂತುಬಿಟ್ಟ. ಆಮೇಲೆ ನನ್ನ ಕೈ ಹಿಡಿದು ನೋಡಿದ. ಹುಣಸೆಹಣ್ಣಿಗೆ ಬೆರಳೆಲ್ಲ ಬೆಳ್ಳಗೆ ಸುಕ್ಕಾಗಿದ್ದವು. "ಎಷ್ಟು ತಿಕ್ಕೀದಿಯವ್ವಾ" ಎಂದ. ಕಣ್ಣಲ್ಲಿ ನೀರು. ಅತ್ತಿ ಏನೋ ಅನ್ನಲು ಬಾಯಿ ತೆಗೆದಳು. ಮಾಮಾ, "ನೀ ಸುಮ್ಮನ ಚಾ ಇಡು" ಎಂದ. ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತ. ಅಪ್ಪ ಹೋದ ಮೇಲೆ ನನ್ನ ತಲೆಯ ಮೇಲೆ ಯಾರೂ ಹಾಗೆ ಕೈಯಿಟ್ಟಿರಲಿಲ್ಲ.

ಚೆಂಬೂರಿನವನು ನಿನ್ನೆ ಬಂದು ನೋಡಿದ. ಅವನೂ ನನ್ನನ್ನು ಹೊಗಳಿದ. ಇನ್ನು ಚಿಂತೆ ಮಾಡಬೇಡ.

ನಿನ್ನ ಮಗಳು
ನಾಗವ್ವ


ಪರೇಲ್
೫ ಮಾರ್ಚ್ ೧೯೭೧

ತಂಗಿ ಗಂಗವ್ವಗೆ ಆಶೀರ್ವಾದ.

ನಾಗವ್ವ ಸಮಾಧಾನದಿಂದ ಇದ್ದಾಳೆ. ಔಷಧ ನಡೆದಿದೆ.

ಲೆನ್ಸಿನ ವ್ಯವಹಾರ ಸ್ವಲ್ಪ ನಿಂತಿದೆ. ವೈದ್ಯನಾಥನ್‌ಗೆ ಮನೆಯಲ್ಲಿ ಏನೋ ಅಡಚಣೆ. ಅವನಲ್ಲದಿದ್ದರೆ ಇನ್ನೊಬ್ಬ. ಫೋರ್ಟಿನ ಕಡೆ ದೊಡ್ಡ ಸ್ಟುಡಿಯೋಗಳಿವೆ, ಫೋಟೋ ಅಚ್ಚು ಹಾಕಲು ಬ್ಲಾಕ್ ಮಾಡುವ ಪ್ರೆಸ್ಸುಗಳಿವೆ. ದಿನಕ್ಕೊಂದು ಕಡೆ ಹೋಗುತ್ತಿದ್ದೇನೆ. ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಲೋಕಲ್ ಹತ್ತುತ್ತೇನೆ. ಎಲ್ಲರೂ ಮರ್ಯಾದೆಯಿಂದ ಕೂಡಿಸುತ್ತಾರೆ. ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಮೆಲ್ಲಗೆ ಮೇಜಿನ ಮೇಲೆ ಇಡುತ್ತಾರೆ. ಈಗೆಲ್ಲ ಸಣ್ಣ ಕ್ಯಾಮೆರಾದ ಕಾಲ, ಅದಕ್ಕೆ.

ಮನೆಗೆ ಬಂದರೆ ನಾಗವ್ವ, "ಏನಂದ್ರು ಮಾಮಾ?" ಎನ್ನುತ್ತಾಳೆ. ನಾಳೆ ಹೇಳುತ್ತಾರಂತೆ ಎನ್ನುತ್ತೇನೆ. ಆ ಮಾತು ಮುಗಿಯುವ ತನಕ ಅವಳ ಮುಖ ನೋಡುವುದಿಲ್ಲ.

ಶೆಟ್ಟೆಪ್ಪ


ಗುಳೇದಗುಡ್ಡ
೧೭ ಮಾರ್ಚ್ ೧೯೭೧

ಅಣ್ಣಗೆ ಗಂಗವ್ವನ ಶರಣು.

ನಿನ್ನ ಪತ್ರಕ್ಕಿಂತ ಮೊದಲು ನಾಗವ್ವನ ಪತ್ರ ಬಂದಿತ್ತು. ಲೆನ್ಸು ಬೆಳಗಿದ್ದನ್ನು ಬರೆದಿದ್ದಳು. ನಾನು ಖುಷಿಪಟ್ಟೆ. ಓಣಿಯ ಹೆಂಗಸರಿಗೂ ಓದಿ ಹೇಳಿದೆ.

ಆಮೇಲೆ ನಿನ್ನದು ಬಂತು. ಅದರಲ್ಲಿ ಬೆಳಗಿದ ಸುದ್ದಿಯೇ ಇಲ್ಲ. ಅವಳು ಒಂದು ಚಮಚ ತೊಳೆದಿಟ್ಟರೂ ಬರೆಯುವವನು ನೀನು. ನನಗೆ ಎಲ್ಲೋ ಚುಚ್ಚಿತು. ನಾಗವ್ವನ ಪತ್ರ ತೆಗೆದುಕೊಂಡು ಇಲ್ಲಿ ಪೇಟೆಯಲ್ಲಿ ಫೋಟೋ ತೆಗೆಯುವ ದಾನಪ್ಪನ ಹತ್ತಿರ ಹೋದೆ. ಓದಿ ಹೇಳಿದೆ. ವಿಭೂತಿ ಅಂದಾಗ ಅವನು ತಲೆಯ ಮೇಲೆ ಕೈ ಹೊತ್ತ. ಒಳಗಿನ ಕರಿ ತಿಕ್ಕಿದಳು ಅಂದಾಗ, "ಸಾಕ್ರಿ ಯಕ್ಕಾ, ಮುಂದ ಓದಬ್ಯಾಡ್ರಿ" ಎಂದ.

ಬೂದಿ ಜಾಲಿಸುವುದನ್ನು ಅವಳಿಗೆ ಕಲಿಸಿದವಳು ನಾನು. ಕೂತು ಮಾಡುವ ಕೆಲಸ ಕೊಡು ಎಂದು ನಿನಗೆ ಬರೆದವಳೂ ನಾನು.

ಅವಳಿಗೆ ಹೇಳಿದ್ದೀಯೇನು? ಅಷ್ಟು ಮಾತ್ರ ಬರಿ. ಸುಳ್ಳು ಬರೆಯಬೇಡ, ಸಣ್ಣವರಿದ್ದಾಗಿಂದ ನಿನಗೆ ಅದು ಬರುವುದಿಲ್ಲ.

ಗಂಗವ್ವ


ಪರೇಲ್
೨೨ ಏಪ್ರಿಲ್ ೧೯೭೧

ತಂಗಿ ಗಂಗವ್ವಗೆ,

ಹೇಳಿಲ್ಲ. ಹೇಳುವುದೂ ಇಲ್ಲ.

ನಿನಗೆ ತಿಳಿಯಿತು, ಇನ್ನು ಬರೆಯಲು ಅಡ್ಡಿಯಿಲ್ಲ. ಆ ದಿನ ಬಾಗಿಲಿನಿಂದ ನೋಡಿದಾಗ ಮೊದಲು ಅದು ನನ್ನ ಲೆನ್ಸು ಎಂದು ತಿಳಿಯಲಿಲ್ಲ. ದೇವರ ಜಗಲಿಯ ಮೇಲೆ ಇಟ್ಟು ಒಂದು ಹೂ ಏರಿಸಿದ್ದಳು. ಗಾಜಿನ ಮೇಲೆ ಸುತ್ತು ಸುತ್ತಾಗಿ ಸಣ್ಣ ಗೆರೆಗಳು, ಉಜ್ಜಿ ಉಜ್ಜಿ ಹಳತಾದ ಸ್ಟೀಲ್ ತಾಟಿನ ಮೇಲೆ ಇರುತ್ತವಲ್ಲ, ಹಾಗೆ. ಒಳಗಿನ ಕರಿ ಹೊಲಸಲ್ಲ ತಂಗಿ, ಅದು ಬೇಕೆಂದೇ ಹಚ್ಚಿದ ಬಣ್ಣ. ಒಳಗೆ ಬಂದ ಬೆಳಕು ಗೋಡೆಗೆ ಬಡಿದು ಚೆಲ್ಲಾಡಬಾರದೆಂದು ಹಚ್ಚಿರುತ್ತಾರೆ. ಅವಳು ಅದನ್ನು ಕನ್ನಡಿ ಮಾಡಿದ್ದಳು. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಸಿಟ್ಟು ಇಳಿಯುತ್ತದೆ.

ವೈದ್ಯನಾಥನ್ ಬಂದಾಗ ನಾನು ದಾರಿಯಲ್ಲೇ ತಡೆದು ಹೇಳಬೇಕೆಂದಿದ್ದೆ, ಆಗಲಿಲ್ಲ. ಅವನು ಲೆನ್ಸು ಎತ್ತಿ ಬೆಳಕಿಗೆ ಹಿಡಿದ. ಮುಖ ಇಳಿಯಿತು. ಅಷ್ಟರಲ್ಲಿ ನಾಗವ್ವ ಚಾ ತಂದು ಮುಂದೆ ನಿಂತಳು, ಹೊಸ ಸೀರೆ ಉಟ್ಟುಕೊಂಡಿದ್ದಳು. ಅವಳ ಬೆರಳು ನೋಡಿದ, ನನ್ನ ಮುಖ ನೋಡಿದ. ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ. "ಬಹುತ್ ಅಚ್ಛಾ ಚಮಕಾಯಾ, ಬೇಟಿ" ಎಂದು ಚಾ ಕುಡಿದ. ಕೆಳಗೆ ಇಳಿಯುವಾಗ ಮೆಟ್ಟಿಲ ಮೇಲೆ ನನ್ನ ಹೆಗಲು ಹಿಡಿದು, "ಭಾವು, ನಾನು ಏನು ಮಾಡಲಿ? ನೀನೇ ಹೇಳು" ಎಂದ. ಹೋಗಿ ಬಾ ಎಂದೆ.

ಉಳಿದ ಊರೆಲ್ಲ ತಿರುಗಿದ್ದನ್ನು ಬರೆದಿದ್ದೆ. ಒಬ್ಬನೂ ಕೇಳಲಿಲ್ಲ. ಕೊನೆಗೆ ಹಜರತಬಿಯ ಗಂಡ ಪೀರಸಾಬ ಒಂದು ವಿಳಾಸ ಕೊಟ್ಟ. ಮಲಾಡಿನಲ್ಲಿ ಬಾಷಾ ಎಂಬವನ ಗೋದಾಮು. ಸಿನೆಮಾ ಶೂಟಿಂಗಿಗೆ ಹಳೆಯ ಸಾಮಾನು ಬಾಡಿಗೆಗೆ ಕೊಡುತ್ತಾನೆ. ಸಿಂಹಾಸನ, ಕಟ್ಟಿಗೆಯ ತೋಪು, ನಿಂತ ಗಡಿಯಾರ, ಎಲ್ಲ ಒಂದರ ಮೇಲೊಂದು. ನಾನು ಹಿಂದಿಯಲ್ಲಿ ನಾಲ್ಕು ಮಾತು ಆಡಿದ್ದೇ ತಡ, ನಕ್ಕ.

"ಕಾಕಾ, ವಿಜಾಪುರ ಕಡ್ಯಾವ್ರೇನ್ರಿ?"

"ಗುಳೇದಗುಡ್ಡ. ಹೆಂಗ ಗೊತ್ತಾತು?"

"ನಮ್ಮಪ್ಪಾನೂ ಹಿಂಗಽ ಹಿಂದಿ ಮಾತಾಡ್ತಿದ್ದ. ರೊಟ್ಟಿ ಬಡದಂಗ."

ಲೆನ್ಸು ಟವೆಲಿನಿಂದ ತೆಗೆದು ಇಟ್ಟೆ. "ಗಾಜು ಕೆಟ್ಟೈತಿ. ಮೊದಲಽ ಹೇಳ್ತೇನಿ" ಎಂದೆ.

"ಗಾಜು ಯಾರಿಗೆ ಬೇಕಾಗೇತ್ರಿ? ಹಿಂದ ನಿಂತಾಂವ ಸುಳ್ಳ ಫೋಟೋಗ್ರಾಫರ್, ಮುಂದ ಕುಂತಾಂವ ಸುಳ್ಳ ಸಾಹುಕಾರ. ನಡುವ ಗಾಜೊಂದು ಖರೇ ಇದ್ದು ಏನ ಮಾಡೂದೈತಿ? ಹೊಳಪು ನೋಡ್ರಿ ಇದರದು. ಹೀಂಗ ಯಾರು ಬೆಳಗಿದ್ರು?"

"ನನ್ನ ತಂಗೀ ಮಗಳು."

"ಆಕಿಗೆ ಕೆಲಸಾ ಬೇಕಾದ್ರ ಹೇಳ್ರಿ. ನನ್ನ ಗೋದಾಮಿನಾಗ ಹಿತ್ತಾಳಿ ರಾಶಿ ಬಿದ್ದೈತಿ."

ಕೊಟ್ಟುಬಿಟ್ಟೆ. ಅವನು ಮೋಸ ಮಾಡಲಿಲ್ಲ, ಹಿತ್ತಾಳೆಗೆ ಎಷ್ಟೋ ಅದಕ್ಕಿಂತ ಹೆಚ್ಚೇ ಕೊಟ್ಟ. ಆದರೆ ನಾಗವ್ವನ ಬಾಗಿಲಿಗೆ ಅದು ಚಿಲಕದ ಬೆಲೆಯೂ ಅಲ್ಲ. ನೀಲಾಬಾಯಿಯ ಬೆಂಡೋಲೆ ಮೊದಲೇ ಹೋಗಿತ್ತು. ಸ್ಟುಡಿಯೋದ ಜಾಗ ನನ್ನ ಹೆಸರಿನಲ್ಲಿ ಇಲ್ಲ, ಮಾರಲು ಬರುವುದಿಲ್ಲ.

ಮನೆಗೆ ಬಂದು, "ಮಾರಿದೆ ನಾಗವ್ವಾ. ಸಿನೆಮಾದ ಕಡೆಯವರು ಹೊಳಪು ನೋಡಿಯೇ ತಗೊಂಡರು" ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳು ನೀಲಾಬಾಯಿಯ ಕಡೆ ತಿರುಗಿ, "ನೋಡ್ರಿ ಅತ್ತೀ, ನೀವು ಸುಮ್ಮನ ಮುಖಾ ಸಣ್ಣದ ಮಾಡಿದ್ರಿ" ಎಂದಳು. ನೀಲಾಬಾಯಿ ಸಿಗಡಿಯ ಮುಂದೆ ಕೂತು ಕೆಂಡ ಊದುತ್ತಾ ಇದ್ದಳು. ಕೆಂಡ ಚೆನ್ನಾಗಿ ಹತ್ತಿತ್ತು, ಆದರೂ ಊದುತ್ತಾ ಇದ್ದಳು.

ಡಾಕ್ಟರ ಮುಂದೆ ಕೈ ಮುಗಿದೆ. ಅವರೂ ಒಳ್ಳೆಯವರೇ. ಯಾರಾದರೂ ಧರ್ಮಕ್ಕೆ ಬಾಗಿಲು ಕೊಟ್ಟರೆ ಹಾಕುತ್ತೇವೆ ಎಂದು ಹೆಸರು ಬರೆದುಕೊಂಡಿದ್ದಾರೆ. ಅವಳಿಗಿಂತ ಮುಂದೆ ಬಹಳ ಹೆಸರುಗಳಿವೆ. ಅಲ್ಲಿಯ ತನಕ ಊರಿಗೆ ಒಯ್ಯಿರಿ, ಉಪ್ಪು ಕಡಿಮೆ, ಗುಳಿಗೆ ತಪ್ಪಿಸಬೇಡಿ ಎಂದರು. ನಾಗವ್ವಗೆ, ನಿನ್ನ ಸರದಿ ಬಂದಾಗ ಕರೆಯುತ್ತಾರೆ ಎಂದು ಹೇಳಿದ್ದೇನೆ. ಬರುವ ವಾರ ಕರೆದುಕೊಂಡು ಬರುತ್ತೇನೆ.

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಮಲಾಡಿಗೆ ಒಯ್ಯುವ ಮುನ್ನ ಅದೇ ಲೆನ್ಸಿನಿಂದ ನಾಗವ್ವನದೊಂದು ತೆಗೆದೆ, ಅವಳೇ ಕೇಳಿದಳು. ಲೆನ್ಸಿನ ಮುಚ್ಚಳ ತೆಗೆದಾಗ ಉಸಿರು ಬಿಗಿ ಹಿಡಿದು ಕೂರಬೇಕು. "ಅಷ್ಟು ಹಿಡಿಲಿಕ್ಕೆ ಆಗೂದಿಲ್ಲ ಮಾಮಾ" ಎಂದಳು. "ಹಿಡೀಬ್ಯಾಡ. ಉಸುರು ಆಡಸಗೋತ ಕೂಡು" ಎಂದೆ. ಹೀಗೆ ನಾನು ಯಾರಿಗೂ ಹೇಳಿದವನಲ್ಲ. ಫೋಟೋ ಮಂಜಿನಲ್ಲಿ ತೆಗೆದಂತೆ ಇದೆ. ಆದರೆ ಅವಳು ಅದರಲ್ಲಿ ನಗುತ್ತಿದ್ದಾಳೆ, ಅದು ತಿಳಿಯುತ್ತದೆ.

ಶೆಟ್ಟೆಪ್ಪ


ಗುಳೇದಗುಡ್ಡ
೨೪ ಆಗಸ್ಟ್ ೧೯೭೧

ಮಾಮಾಗೆ, ನೀಲಾ ಅತ್ತಿಗೆ ನಾಗವ್ವನ ಶರಣು.

ಬಹಳ ದಿನ ಬರೆಯಲಿಲ್ಲ, ಸಿಟ್ಟಾಗಬೇಡಿರಿ. ಬರೆಯುತ್ತಾ ಕೂತರೆ ಕೈ ದಣಿಯುತ್ತದೆ. ಇದನ್ನು ಎರಡು ದಿನದಿಂದ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಕಾಗದ ಬಂತೇ ಎಂದು ಅವ್ವ ಕೇಳುತ್ತಾಳೆ. ನನಗೆ ಅವಸರವಿಲ್ಲ, ಅವಳಿಗೆ. ಈಗ ಮಲಗಿದರೆ ಉಸಿರು ಸಿಗುವುದಿಲ್ಲ. ಅವ್ವ ಗೋಡೆಗೆ ದಿಂಬು ಇಟ್ಟು ಕೂಡಿಸಿದ್ದಾಳೆ. ಹಗಲೂ ರಾತ್ರಿ ಒರಗಿ ಕೂತೇ ಇರುತ್ತೇನೆ. ಅಜ್ಜನ ಫೋಟೋದ ಕೆಳಗೇ ನನ್ನ ಜಾಗ. ಅಲ್ಲಿ ಬೇಡ, ಆ ಗೋಡೆ ಬೇಡ ಎಂದು ಅವ್ವ ಜಗಳವಾಡಿದಳು. ನನಗೆ ಮಗ್ಗ ಕಾಣುವುದು ಅಲ್ಲಿಂದಲೇ.

ಮಾಮಾ, ನೀನು ತೆಗೆದ ನನ್ನ ಫೋಟೋ ಎಲ್ಲರೂ ಕೇಳಿ ನೋಡುತ್ತಾರೆ. ಸುತ್ತಲೂ ಬೆಳಕೇ ಬೆಳಕು. ಇದು ಹೇಗೆ ಬಂತು ಎಂದು ಅವ್ವನನ್ನು ಕೇಳಿದೆ. ನಿಮ್ಮ ಮಾಮಾನ ಕೈಗುಣ ಎಂದಳು. ಪೇಟೆಯ ದಾನಪ್ಪನೂ ಬಂದು ನೋಡಿದ. ಇಂಥದ್ದು ನನಗೆ ಬರುವುದಿಲ್ಲ ಎಂದ. ಹೆಮ್ಮೆ ಅನಿಸಿತು.

ನಮ್ಮ ಊರ ಟಾಕೀಜಿಗೆ ಮುಂಬಯಿಯ ಸಿನೆಮಾ ಬಂದರೆ, ಹೋಗಿ ಬಂದವರನ್ನು ಅವ್ವ ಕೇಳುತ್ತಾಳೆ, ಅದರಲ್ಲಿ ಹಿತ್ತಾಳೆಯ ಕ್ಯಾಮೆರಾ ಇತ್ತೇ ಎಂದು. ಇನ್ನೂ ಯಾರಿಗೂ ಕಂಡಿಲ್ಲ. ಕಂಡರೆ ಬರೆಯುತ್ತೇನೆ.

ನಿನ್ನ ದೊಡ್ಡ ಕ್ಯಾಮೆರಾದ ಮೂಲೆಗಳಿಗೆ, ತಿರುಪುಗಳಿಗೆ ಹಿತ್ತಾಳೆ ಇದೆಯಲ್ಲ, ಅದನ್ನು ಬೆಳಗುವುದು ಹಾಗೇ ಉಳಿಯಿತು. ಮಹಾನವಮಿಗೆ ನಾನೇ ಬಂದು ಬೆಳಗುತ್ತೇನೆ. ಅತ್ತಿಗೆ ಹೇಳು, ಹಳೇ ಹುಣಸೆಹಣ್ಣು ಇಟ್ಟಿರಲಿ. ಹೊಸದು ಅಷ್ಟು ಬಿಡಿಸುವುದಿಲ್ಲ.

ನಿನ್ನ
ನಾಗವ್ವ


ಪರೇಲ್
೩ ಅಕ್ಟೋಬರ್ ೧೯೭೧

ಚಿ. ಸೌ. ನಾಗವ್ವಗೆ ಮಾಮಾನ ಆಶೀರ್ವಾದ.

ನಿನ್ನ ಪತ್ರಕ್ಕೆ ಆಗಲೇ ಒಂದು ಕಾರ್ಡು ಹಾಕಿದ್ದೆ. ಆಮೇಲೆ ಅವ್ವಗೆ ಒಂದು ಹಾಕಿದೆ. ಎರಡಕ್ಕೂ ಉತ್ತರ ಬರಲಿಲ್ಲ. ಈಗ ಟಪಾಲು ಸರಿಯಿಲ್ಲ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ಹಾಗೇ ಇರಬೇಕು.

ಮಹಾನವಮಿ ಮುಗಿಯಿತು. ಕ್ಯಾಮೆರಾಕ್ಕೆ ಪೂಜೆ ಮಾಡಿದೆ. ಲೆನ್ಸು ಇದ್ದ ಜಾಗದಲ್ಲಿ ಒಂದು ತೂತು ಇದೆಯಲ್ಲ, ಅತ್ತಿ ಅದರಲ್ಲಿ ಚೆಂಡುಹೂ ಇಟ್ಟಳು, ಚೆನ್ನಾಗಿ ಕಂಡಿತು. ಹಬ್ಬದ ಮುಂಜಾನೆ ಅವಳು ಬೂದಿ ಹಿಡಿದು ಹಿತ್ತಾಳೆಯ ಮೂಲೆಗಳನ್ನು ತಿಕ್ಕಲು ಕೂತಿದ್ದಳು. "ಏಳ ಅಲ್ಲಿಂದ. ಅದು ನಾಗವ್ವನ ಕೆಲಸ" ಎಂದೆ. "ಹಬ್ಬದ ದಿನಾ ಹೊಲಸ ಇಟ್ಟು ಪೂಜಿ ಮಾಡ್ತೀರೇನು?" ಎಂದು ವಾದಿಸಿದಳು. ಹಾಗೇ ಮಾಡಿದೆ. ಸಾಮಾನು ಅಷ್ಟು ಕಂದು ಹಿಡಿದದ್ದನ್ನು ನೋಡಿ ಹಜರತಬಿಯೂ ಬೈದು ಹೋದಳು.

ಹುಣಸೆಹಣ್ಣು ತರಿಸಿದ್ದೇನೆ. ಹಳೆಯದೇ, ಕಪ್ಪಗಾದದ್ದು. ಅತ್ತಿ ಉಪ್ಪು ಬೆರೆಸಿ ಗಡಿಗೆಯಲ್ಲಿ ಇಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದಾಳೆ. ಮಹಾನವಮಿ ಅಲ್ಲದಿದ್ದರೆ ದೀಪಾವಳಿಗೆ ಬಾ. ಆಸ್ಪತ್ರೆಗೆ ಪ್ರತಿ ಸೋಮವಾರ ಹೋಗಿ ಕೇಳಿ ಬರುತ್ತೇನೆ. ಕಿಟಕಿಯವನಿಗೆ ಈಗ ನನ್ನ ಗುರುತಾಗಿದೆ. ನಾನು ಬಾಯಿ ತೆಗೆಯುವ ಮೊದಲೇ ತಲೆ ಅಲ್ಲಾಡಿಸುತ್ತಾನೆ.

ಇದರೊಳಗೆ ಒಂದು ಖಾಲಿ ಕಾರ್ಡು ಇಟ್ಟಿದ್ದೇನೆ. ವಿಳಾಸ ನಾನೇ ಬರೆದಿದ್ದೇನೆ. ಬರೆಯಲು ದಣಿವಾದರೆ ಏನೂ ಬರೆಯಬೇಡ. ಬೆರಳಿಗೆ ಒಂದಿಷ್ಟು ವಿಭೂತಿ ಹಚ್ಚಿಕೊಂಡು ಅದರ ಮೇಲೆ ಒತ್ತಿ, ಅವ್ವನ ಕೈಯಲ್ಲಿ ಡಬ್ಬಿಗೆ ಹಾಕಿಸು. ನನಗೆ ಅಷ್ಟು ಸಾಕು, ತಿಳಿಯುತ್ತದೆ.

ಹಿತ್ತಾಳೆಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

ನಿನ್ನ ಮಾಮಾ
ಶೆಟ್ಟೆಪ್ಪ